‘ಆಕಿ ವಯಸ್ಸೆಷ್ಟೋ ತಮ್ಮಾ?’

ಧಾರವಾಡದ ಸಪ್ತಾಪುರದಲ್ಲಿ ನಮ್ಮದು ಹತ್ತಕ್ಕೆ ಹತ್ತರ ಒಂದು ರೂಮು. ಬಾಡಿಗೆ ಕರಾರಿನಲ್ಲಿ ಇಬ್ಬರು, ವಾಸಕ್ಕೆ ನಾಲ್ವರು. ಮೂವರು ಸ್ಪರ್ಧಾತ್ಮಕ ಪರೀಕ್ಷೆಯ ಹಳೇ ಹುಲಿಗಳು. ನಾಲ್ಕನೆಯವನು ಬೆಂಗಳೂರಿನ ಕಂಪನಿಯೊಂದು ಕೆಲಸದಿಂದ ತೆಗೆದ ಮೇಲೆ ‘ಸರ್ಕಾರಿ ನೌಕರೀನೇ ಬೇಷ್’ ಅಂತ ಬಂದು ಸೇರಿಕೊಂಡವನು. ಅವನನ್ನು ನಾವು ಕರೆಯುವುದೇ ‘ಇಂಜಿನಿಯರ್’ ಅಂತ. ಬರುವಾಗ ಎರಡು ಆಸ್ತಿ ತಂದಿದ್ದ. ಒಂದು ಕುಕ್ಕರ್, ಇನ್ನೊಂದು ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್. ಎರಡರಲ್ಲಿ ಹೆಚ್ಚು ಸದ್ದು ಮಾಡುವುದು ಲ್ಯಾಪ್‌ಟಾಪೇ.

ಹತ್ತು ಗಂಟೆಗೆ ರೀಡಿಂಗ್ ರೂಮಿನ ಬಾಗಿಲು ಹಾಕುತ್ತಾರೆ. ಊಟ ಮುಗಿಸಿ ಹತ್ತೂವರೆಯಿಂದ ಹನ್ನೆರಡರ ತನಕ ನಮ್ಮ ಆಟದ ಹೊತ್ತು. ಕಂಟ್ರೋಲರ್ ಬಹುತೇಕ ಇಂಜಿನಿಯರ್ ಕೈಯಲ್ಲೇ. ನಾನು ಪಕ್ಕದಲ್ಲಿ ಕುಳಿತು ನೋಡುವವನು, ತಪ್ಪು ಹುಡುಕುವವನು. ಪ್ರಬಂಧ ಅಭ್ಯಾಸಕ್ಕೆಂದು ಇಟ್ಟುಕೊಂಡ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ‘ಹವಾಮಾನ ಬದಲಾವಣೆ’, ‘ಮಹಿಳಾ ಸಬಲೀಕರಣ’ ಇವೆ. ಹಿಂದಿನ ಪುಟಗಳಲ್ಲಿ ಗೇಮ್‌ಗಳ ಬಗ್ಗೆ ನನ್ನ ತಕರಾರುಗಳಿವೆ. ಈ ಬರಹ ಆ ಹಿಂದಿನ ಪುಟಗಳದ್ದು.

ಮೊದಲಿಗೆ ನಾನೂ ಅಂಕ ನೋಡಿಯೇ ಗೇಮ್ ನಂಬುತ್ತಿದ್ದೆ. ಕಟ್‌ಆಫ್ ನೋಡಿ ಬದುಕುವವನಿಗೆ ಬೇರೇನು ತೋಚೀತು? ವಿಮರ್ಶಕರ ಅಂಕಗಳನ್ನೆಲ್ಲ ಕೂಡಿಸಿ ನೂರಕ್ಕೆ ಇಷ್ಟು ಎಂದು ಹೇಳುವ ಮೆಟಾಕ್ರಿಟಿಕ್‌ನಲ್ಲಿ, ನಾನಿಲ್ಲಿ ಬರೆಯುತ್ತಿರುವ ಗೇಮ್‌ಗಳೆಲ್ಲ ತೊಂಬತ್ತರ ಆಸುಪಾಸಿನವು. ಎಲ್ಲವೂ ಡಿಸ್ಟಿಂಕ್ಷನ್ ಪಾಸು. ಹಾಗಂತ ಅಂಗಡಿಯಲ್ಲಿ ಒಂದೇ ಬೆಲೆಗೆ ಸಿಗುವ ಐದು ಜೋಡಿ ಚಪ್ಪಲಿ ಒಂದೇ ಕಾಲಿಗೆ ಆಗುತ್ತವೆಯೇ?

ಇದು ಗೊತ್ತಾಗಿದ್ದು ‘ಕ್ಲೇರ್ ಅಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಶುರು ಮಾಡಿದ ರಾತ್ರಿ. ಫ್ರಾನ್ಸಿನ ಮಾಂಪೆಲಿಯೇ ನಗರದ ಸ್ಯಾಂಡ್‌ಫಾಲ್ ಇಂಟರಾಕ್ಟಿವ್ ಎಂಬ ಹೊಸ ಸ್ಟುಡಿಯೊದ ಮೊದಲ ಗೇಮ್ ಅದು. ಬಂದಿದ್ದು 2025ರ ಏಪ್ರಿಲ್‌ನಲ್ಲಿ. ಕಥೆ ಹೀಗಿದೆ: ಲ್ಯೂಮಿಯೇರ್ ಎಂಬ ನಗರ. ಸಮುದ್ರದಾಚೆ ಬೆಟ್ಟದಂಥ ಒಂದು ಕಲ್ಲುಗಂಬ. ವರ್ಷಕ್ಕೊಮ್ಮೆ ಅಲ್ಲಿನ ಚಿತ್ರಗಾತಿ ಎದ್ದು ಹಳೆಯ ಸಂಖ್ಯೆ ಅಳಿಸಿ ಒಂದು ಕಡಿಮೆ ಸಂಖ್ಯೆ ಬರೆಯುತ್ತಾಳೆ. ಆ ವಯಸ್ಸಿನವರೆಲ್ಲ ನಿಂತಲ್ಲೇ ಹೂವಿನ ಪಕಳೆಗಳಾಗಿ ಉದುರಿಹೋಗುತ್ತಾರೆ. ಈ ಸಲ ಬರೆದಿದ್ದು 33. ನಾಯಕ ಗುಸ್ತಾವ್‌ಗೆ ಇನ್ನೊಂದು ವರ್ಷ ಬಾಕಿಯಿದೆ. ಅವನು ಪ್ರೀತಿಸಿದ ಸೋಫಿಗೆ ಇಲ್ಲ. ಬಂದರಿನ ಕಟ್ಟೆಯ ಮೇಲೆ ಅವನ ಕಣ್ಣೆದುರೇ ಆಕೆ ಇಲ್ಲವಾಗುತ್ತಾಳೆ.

ಅದೇ ಹೊತ್ತಿಗೆ ಪಕ್ಕದ ರೂಮಿನ ಅಣ್ಣ ಶೇಂಗಾ ಚಟ್ನಿ ಕೇಳಲು ಬಂದಿದ್ದ. ನಮ್ಮ ಓಣಿಗೆಲ್ಲ ಹಿರಿಯ ಅಭ್ಯರ್ಥಿ. ಇತಿಹಾಸದ ಯಾವ ಇಸವಿ ಕೇಳಿದರೂ ತಡವರಿಸದೆ ಹೇಳುವವನು. ಗೇಮ್ ಅಂದರೆ ಮೂಗು ಮುರಿಯುತ್ತಿದ್ದ. ಅವತ್ತು ಬಾಗಿಲಲ್ಲೇ ನಿಂತು ಪೂರ್ತಿ ದೃಶ್ಯ ನೋಡಿದ.

‘ಆಕಿ ವಯಸ್ಸೆಷ್ಟೋ ತಮ್ಮಾ?’

‘ಮೂವತ್ಮೂರು, ಅಣ್ಣಾ.’

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: ‘ಜನರಲ್ ಕೆಟಗರಿ ಏನು?’

ನಾವು ನಕ್ಕಿದ್ದೇ ನಕ್ಕಿದ್ದು. ಇಂಜಿನಿಯರ್‌ಗೆ ನೆತ್ತಿಗೇರಿ ಕೆಮ್ಮು ಬಂತು. ಅಣ್ಣನೂ ನಕ್ಕ. ಚಟ್ನಿ ಡಬ್ಬಿ ಕೊಟ್ಟು ಬಾಗಿಲು ಹಾಕಿಕೊಂಡ ಮೇಲೆ ಯಾರೂ ಮಾತಾಡಲಿಲ್ಲ. ಆ ವರ್ಷದ ನಂತರ ಅಣ್ಣನಿಗೆ ಅರ್ಜಿ ಹಾಕಲು ಉಳಿದಿದ್ದ ನೇಮಕಾತಿಗಳು ಬೆರಳೆಣಿಕೆಯಷ್ಟು. ಒಂದೊಂದು ಹುದ್ದೆಗೆ ಒಂದೊಂದು ವಯೋಮಿತಿ, ಒಂದೊಂದು ವರ್ಗಕ್ಕೆ ಒಂದೊಂದು ಸಡಿಲಿಕೆ. ಬ್ಯಾಂಕಿನ ಪಿಒ ಹುದ್ದೆಗೆ ಸಾಮಾನ್ಯ ವರ್ಗದವರಿಗೆ ಮೂವತ್ತಕ್ಕೇ ಬಾಗಿಲು ಹಾಕುತ್ತದೆ. ಖಾಲಿ ಹುದ್ದೆ ತುಂಬಿ, ವಯೋಮಿತಿ ಸಡಿಲಿಸಿ ಎಂದು 2025ರಲ್ಲಿ ಇದೇ ಧಾರವಾಡದಲ್ಲಿ ಅಭ್ಯರ್ಥಿಗಳು ಬೀದಿಗಿಳಿದಾಗ ಅಣ್ಣನೂ ಹೋಗಿದ್ದ, ಬಿಸಿಲಲ್ಲಿ ಕೂಗಿ ಗಂಟಲು ಕೂರಿಸಿಕೊಂಡು ಬಂದಿದ್ದ.

ಆ ಗೇಮ್‌ನಲ್ಲಿ ಇನ್ನೊಂದು ಮಾತಿದೆ. ಗುಸ್ತಾವ್‌ಗೆ ಮಕ್ಕಳು ಬೇಕಿತ್ತು, ಸೋಫಿಗೆ ಬೇಡವಾಗಿತ್ತು. ಇಷ್ಟೇ ವರ್ಷ ಬದುಕುವುದು ಗೊತ್ತಿದ್ದೂ ಮಗುವನ್ನು ಅನಾಥವಾಗಿಸಲು ಏಕೆ ಹಡೆಯಬೇಕು ಎಂಬುದು ಆಕೆಯ ಮಾತು. ಇಬ್ಬರೂ ದೂರಾಗಿದ್ದು ಅದಕ್ಕೇ. ‘ನೌಕರಿ ಆಗಲಿ, ಆಮೇಲೆ ನೋಡೂಣು’ ಎಂದು ಕನ್ಯೆ ನೋಡುವುದನ್ನೇ ಮುಂದಕ್ಕೆ ಹಾಕುತ್ತ ಬಂದವರು ನಮ್ಮ ಓಣಿಯಲ್ಲಿ ಹತ್ತು ಮಂದಿಯಾದರೂ ಸಿಗುತ್ತಾರೆ. ಎಷ್ಟೋ ದೂರದ ಫ್ರೆಂಚರು ಮಾಡಿದ ಗೇಮ್ ಹೀಗೆ ಬಂದು ನಮ್ಮ ಚಾಪೆಯ ಮೇಲೆ ಕೂರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಆಟವಾಗಿ ಹೇಗಿದೆ? ಸರದಿಯ ಕಾಳಗ. ನೀವು ಒಮ್ಮೆ ಹೊಡೆಯಬೇಕು, ಆಮೇಲೆ ಶತ್ರು. ಆದರೆ ಶತ್ರುವಿನ ಸರದಿಯಲ್ಲಿ ಕೈಕಟ್ಟಿ ಕೂರುವಂತಿಲ್ಲ, ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಿ ತಪ್ಪಿಸಿಕೊಳ್ಳಬೇಕು, ಇಲ್ಲವೇ ತಡೆದು ತಿರುಗಿ ಹೊಡೆಯಬೇಕು. ಇದರ ಮಜವೇ ಬೇರೆ. ನನ್ನ ತಕರಾರೂ ಇಲ್ಲೇ. ತಡೆಯುವುದೊಂದು ಕೈಗೆ ಹತ್ತಿದರೆ ಉಳಿದ ತಂತ್ರಗಳೆಲ್ಲ ಅಲಂಕಾರಕ್ಕೆ. ಜತೆಗೆ, ಕೊನೆಯ ಭಾಗದಲ್ಲಿ ಅಡ್ಡದಾರಿಯ ಕೆಲಸಗಳನ್ನೆಲ್ಲ ಮುಗಿಸಿ ಹೋದರೆ ಅಂತಿಮ ಶತ್ರು ಸೊಳ್ಳೆಯಂತೆ ಸಾಯುತ್ತಾನೆ. ಸಂಗೀತದ ಬಗ್ಗೆ ಮಾತ್ರ ಒಂದೂ ತಕರಾರಿಲ್ಲ. ಇಂಜಿನಿಯರ್ ಈಗಲೂ ಅದನ್ನು ಹಾಕಿಕೊಂಡೇ ಗಣಿತ ಬಿಡಿಸುವುದು.

ದೊಡ್ಡ ತಕರಾರು ಇನ್ನೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮಳೆಗಾಲದಲ್ಲಿ ಪರೀಕ್ಷೆಯೊಂದರ ದಿನಾಂಕ ಹತ್ತಿರ ಬಂತು, ಗೇಮ್ ಅರ್ಧಕ್ಕೇ ನಿಂತಿತು. ಪರೀಕ್ಷೆ ಮುಗಿಯುವಷ್ಟರಲ್ಲಿ ಸೆಪ್ಟೆಂಬರ್ 4ಕ್ಕೆ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಬಂತು. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ ಇದನ್ನು ಘೋಷಿಸಿದ್ದು 2019ರಲ್ಲಿ. ನಮ್ಮ ಕೆಲವು ನೇಮಕಾತಿಗಳಿಗಿಂತ ಇದೇ ಬೇಗ ಬಂತು ಎಂದು ಇಂಜಿನಿಯರ್ ವ್ಯಂಗ್ಯವಾಡಿದ. ಬಿಡುಗಡೆಯ ದಿನ ಜನ ಮುಗಿಬಿದ್ದ ರಭಸಕ್ಕೆ ಆನ್‌ಲೈನ್ ಅಂಗಡಿಗಳೇ ತತ್ತರಿಸಿದವು. ಫಾರ್ಮ್ ತುಂಬುವ ಕೊನೆಯ ದಿನದ ಸರ್ವರ್ ನೋಡಿದ ನಮಗೆ ಅದೇನು ಹೊಸದಲ್ಲ.

ಹಾರ್ನೆಟ್ ಎಂಬ ಸೂಜಿ ಹಿಡಿದ ಕೀಟಕನ್ಯೆ ಫಾರ್ಲೂಮ್ ಎಂಬ ರಾಜ್ಯದಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ದಾರಿಯುದ್ದಕ್ಕೂ ತುದಿಯ ಕೋಟೆಗೆ ಹರಕೆ ಹೊತ್ತು ಹೊರಟ ಯಾತ್ರಿಕರು. ತಲುಪಿದವರು ಕಡಿಮೆ, ದಾರಿಯಲ್ಲೇ ಬಿದ್ದವರು ಹೆಚ್ಚು. ದಣಿದು ಕೂರಲು ಬೆಂಚುಗಳಿವೆ, ಕೆಲವಕ್ಕೆ ಮಣಿ ತೆತ್ತರೆ ಮಾತ್ರ ಕೂರಬಹುದು. ತಿಂಗಳಿಗಿಷ್ಟು ಎಂದು ರೀಡಿಂಗ್ ರೂಮಿನ ಕುರ್ಚಿಗೆ ದುಡ್ಡು ಕಟ್ಟುವ ನಾನು ಅದನ್ನು ನೋಡಿ ಬೈದೆ. ಒಂದು ಬೆಂಚಂತೂ ಕೂತವರ ಪ್ರಾಣ ತೆಗೆಯುವ ಬೋನು!

ಕೈಯಿಂದ ಬರೆದ ಚಿತ್ರಗಳು, ಹಾರ್ನೆಟ್‌ಳ ಓಟ ಎಲ್ಲ ಕಣ್ಣಿಗೆ ಹಬ್ಬ. ಆದರೆ ಆರಂಭದಲ್ಲಿ ಸಿಗುವುದು ಐದೇ ಜೀವ. ಅನೇಕ ಶತ್ರುಗಳ ಒಂದೇ ಏಟಿಗೆ ಎರಡು ಹೋಗುತ್ತವೆ. ಕಷ್ಟ ಹೆಚ್ಚಾಯಿತೆಂಬ ಕೂಗೆದ್ದು, ಮೊದಲ ಪರಿಷ್ಕರಣೆಯಲ್ಲೇ ಆರಂಭದ ಇಬ್ಬರು ದೊಡ್ಡ ಶತ್ರುಗಳ ಬಿಗಿ ತುಸು ಸಡಿಲಿಸಬೇಕಾಯಿತು. ನನಗೆ ಕಾಳಗದ ಕಷ್ಟದ ಬಗ್ಗೆ ಸಿಟ್ಟಿಲ್ಲ. ಸತ್ತರೆ ಯಾಕೆ ಸತ್ತೆ ಎಂದು ತಿಳಿಯುತ್ತದೆ. ಕೋಟೆಯ ಬಾಗಿಲು ಕಾಯುವ ‘ಲಾಸ್ಟ್ ಜಡ್ಜ್’ ಎದುರು ಸೋತ ಪ್ರತಿ ಸಲವೂ ದೂರದ ಬೆಂಚಿನಿಂದ ಮುಳ್ಳು, ಕಂದಕ ದಾಟಿ ಮತ್ತೆ ಬರಬೇಕಲ್ಲ, ಅದು ಸಿಟ್ಟು. ಸೋಲೇ ಶಿಕ್ಷೆ, ಮತ್ತೆ ನಡೆಸುವುದು ಯಾಕೆ ಎಂದು ಕೇಳಿದೆ. ಇಂಜಿನಿಯರ್ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: ‘ಮೇನ್ಸ್ ಫೇಲಾದ್ರ ಮತ್ತ ಪ್ರಿಲಿಮ್ಸ್‌ನಿಂದನ ಬರೀಬೇಕಲ್ಲಲೇ, ಇದೂ ಹಂಗ.’ ನಲವತ್ತೊಂದನೇ ಸಲಕ್ಕೆ ಗೆದ್ದ. ಗೆದ್ದವನು ಕುಣಿಯಲಿಲ್ಲ, ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಮಲಗಿದ.

ಇನ್ನು ‘ಬಲಾಟ್ರೋ’. ಇದರ ಬಗ್ಗೆ ಬರೆಯುವಾಗ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಲೋಕಲ್‌ಥಂಕ್ ಎಂಬ ಅಡ್ಡಹೆಸರಿನ, ತನ್ನ ನಿಜಹೆಸರು ಹೇಳಿಕೊಳ್ಳದ ಒಬ್ಬ ಕೆನಡಿಯನ್ ಮಾಡಿದ ಇಸ್ಪೀಟು ಗೇಮ್. 2024ರಲ್ಲಿ ಬಂದು ಅದೇ ವರ್ಷ ಮೊಬೈಲ್‌ಗೂ ಇಳಿಯಿತು. ಪೋಕರ್‌ನ ಜೋಡಿ, ಸಾಲು ಕಟ್ಟಿ ಅಂಕ ಗಳಿಸಬೇಕು. ಮೊದಲ ಸುತ್ತಿಗೆ 300 ಸಾಕು, ಎಂಟನೇ ಘಟ್ಟ ಮುಗಿಸಲು ಲಕ್ಷ ಬೇಕು. ಆ ಲಕ್ಷ ಬರುವುದು ಜೋಕರ್‌ಗಳಿಂದ. ಒಂದು ಜೋಕರ್ ಕೂಡಿಸುತ್ತದೆ, ಇನ್ನೊಂದು ಗುಣಿಸುತ್ತದೆ, ಮೂರನೆಯದು ಅವೆರಡನ್ನೂ ಕೆರಳಿಸುತ್ತದೆ. ನೂರಾರು ಅಂಕ ಕಣ್ಣೆದುರೇ ಸಾವಿರ, ಹತ್ತು ಸಾವಿರ ಆಗುವಾಗ ಮೈಯಲ್ಲಿ ಏನೋ ಆಗುತ್ತದೆ.

ಯುರೋಪಿನ ವಯೋಶ್ರೇಣಿ ಸಂಸ್ಥೆ ಪೆಗಿ ಇದಕ್ಕೆ ಜೂಜಿನ ಚಿತ್ರಣದ ಕಾರಣ 18+ ಎಂದು ಮುದ್ರೆ ಒತ್ತಿತ್ತು, ಮೇಲ್ಮನವಿಯ ನಂತರ 2025ರಲ್ಲಿ 12+ಗೆ ಇಳಿಸಿತು. ಇಳಿಸಿದ್ದೇ ಸರಿ. ಒಮ್ಮೆ ಕೊಂಡರೆ ಮತ್ತೊಂದು ಪೈಸೆ ಕೇಳುವುದಿಲ್ಲ, ಪಣವಿಲ್ಲ. ನಮ್ಮ ಓಣಿಯಲ್ಲೇ ಒಬ್ಬ ಹುಡುಗ ಮೊಬೈಲ್ ರಮ್ಮಿಯಲ್ಲಿ ಕೋಚಿಂಗ್ ಫೀಸು ಕಳೆದುಕೊಂಡು ರಾತ್ರೋರಾತ್ರಿ ಊರಿಗೆ ಹೋದ. ಹಣ ಕಟ್ಟಿ ಆಡುವ ಇಂಥ ಗೇಮ್‌ಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು, ಅವನ ಪಾಲಿಗೆ ತಡವಾಗಿ. ಬಲಾಟ್ರೋ ಆ ಜಾತಿಯದ್ದಲ್ಲ. ನನ್ನಿಂದ ಅದು ತೆಗೆದುಕೊಂಡಿದ್ದು ನಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ‘ಇದೊಂದು ಸುತ್ತು’ ಎಂದು ಹೊದಿಕೆಯೊಳಗೆ ಶುರು ಮಾಡಿ ನೋಡಿದರೆ ಎರಡೂವರೆ. ಮರುದಿನ ಒಎಂಆರ್ ಹಾಳೆಯ ವೃತ್ತಗಳು ಚಿಪ್ಸ್‌ನಂತೆ ಕಂಡವು. ಫಲಿತಾಂಶ ಇಲ್ಲಿ ಬರೆಯುವುದಿಲ್ಲ. ತಪ್ಪು ನನ್ನದೇ. ಅತ್ಯುತ್ತಮ ಗೇಮ್ ಎಂದೇ ಈಗಲೂ ಹೇಳುತ್ತೇನೆ, ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡಿಲ್ಲ.

‘ಬ್ಲೂ ಪ್ರಿನ್ಸ್’ 2025ರ ಏಪ್ರಿಲ್‌ನದು. ಟೋಂಡಾ ರೋಸ್ ಎಂಬಾತ ಸುಮಾರು ಎಂಟು ವರ್ಷ ಕೂತು ಕಟ್ಟಿದ ಒಗಟು. ನಲವತ್ತೈದು ಕೋಣೆಯ ಬಂಗಲೆಯಲ್ಲಿ ನಲವತ್ತಾರನೇ ಕೋಣೆ ಹುಡುಕಿದರೆ ಆಸ್ತಿ ನಿಮ್ಮದು. ಬಾಗಿಲು ತೆರೆದಾಗಲೆಲ್ಲ ಮೂರು ಕೋಣೆಗಳಲ್ಲಿ ಒಂದನ್ನು ಆರಿಸಿ ಜೋಡಿಸಬೇಕು. ಹೆಜ್ಜೆಗಳು ಮುಗಿದರೆ ದಿನ ಮುಗಿಯಿತು, ಮರುದಿನ ಇಡೀ ಮನೆ ಮತ್ತೆ ಖಾಲಿ. ಇಲ್ಲಿ ನನಗೆ ಬೆಲೆ ಬಂತು, ಪೆನ್ನು ಹಿಡಿದು ಟಿಪ್ಪಣಿ ಮಾಡಿಕೊಳ್ಳದೆ ಈ ಗೇಮ್ ಆಡಲಾಗದು. ನಾಲ್ಕು ದಿನ ಕುಳಿತು ಒಂದು ಒಗಟು ಬಿಡಿಸಿದೆ. ಆದರೆ ಉತ್ತರ ಗೊತ್ತಿದ್ದೂ ಬೇಕಾದ ಕೋಣೆ ಬರಲೇ ಇಲ್ಲ. ಓದಿದ ಪಾಠದಿಂದ ಪ್ರಶ್ನೆಯೇ ಬಾರದಂತೆ. ಅದೃಷ್ಟಕ್ಕೆ ಇಷ್ಟು ಜಾಗ ಕೊಟ್ಟಿದ್ದು ಅತಿಯಾಯಿತು. ಇನ್ನೊಂದು ತಕರಾರನ್ನು ಹೊರಗಿನ ವಿಮರ್ಶೆಗಳಲ್ಲಿ ನಾನು ಹೆಚ್ಚು ಕಾಣಲಿಲ್ಲ: ಅದರ ದೊಡ್ಡ ಒಗಟೊಂದು ನಿಂತಿರುವುದೇ ಇಂಗ್ಲಿಷ್ ಪದಗಳ ಅಕ್ಷರದಾಟದ ಮೇಲೆ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬುದ್ಧಿಗೆ ಸೋತಿದ್ದಲ್ಲ, ಸ್ಪೆಲಿಂಗ್‌ಗೆ ಸೋತಿದ್ದು.

‘ಸ್ಪ್ಲಿಟ್ ಫಿಕ್ಷನ್’ ಬಗ್ಗೆ ಚುಟುಕಾಗಿ. ಸ್ವೀಡನ್ನಿನ ಹೇಜ್‌ಲೈಟ್ ಸ್ಟುಡಿಯೊದ್ದು, ಇಬ್ಬರು ಸೇರಿಯೇ ಆಡಬೇಕು. ಒಬ್ಬ ಕೊಂಡರೆ ಜತೆಗಾರ ಪುಕ್ಕಟೆ ಆಡಬಹುದು. ಒಂದೇ ಪುಸ್ತಕ ಇಬ್ಬರು ಓದುವ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಪುಸ್ತಕ ಅಚ್ಚಾಗದ ಇಬ್ಬರು ಲೇಖಕಿಯರನ್ನು ಪ್ರಕಾಶಕನೊಬ್ಬ ಕರೆದು ಯಂತ್ರಕ್ಕೆ ಕಟ್ಟಿ ಅವರ ಕಲ್ಪನೆಗಳನ್ನೇ ಕದಿಯಲು ನೋಡುತ್ತಾನೆ. ಆಟದಲ್ಲಿ ಗಳಿಗೆಗೊಂದು ಹೊಸತು, ಮಾತುಗಳು ಮಾತ್ರ ಸಪ್ಪೆ, ಖಳನಂತೂ ಹಳೇ ಸಿನಿಮಾದವನು. ನಾನೂ ಕಂಟ್ರೋಲರ್ ಹಿಡಿದಿದ್ದು ಇದರಲ್ಲೇ. ನನ್ನಿಂದ ಸತ್ತ ಲೆಕ್ಕವನ್ನು ಇಂಜಿನಿಯರ್ ಗೋಡೆಯ ಮೇಲೆ ಗೀಟು ಹಾಕಿ ಇಟ್ಟಿದ್ದಾನೆ.

ದಸರೆ ಮುಗಿದ ಮೇಲೆ ಅಣ್ಣ ರೂಮು ಖಾಲಿ ಮಾಡಿದ. ಪುಸ್ತಕಗಳನ್ನು ನಮಗೆ ಹಂಚಿ, ಸೋದರಮಾವನ ಗೊಬ್ಬರದ ಅಂಗಡಿ ನೋಡಿಕೊಳ್ಳಲು ಊರಿಗೆ ಹೊರಟ. ಬಸ್ ಹತ್ತುವಾಗ, ‘ಆ ಗೇಮ್ ಮುಗಿಸಿದ್ರ ಹೇಳ್ರೋ. ಆ ಊರ ಮಂದಿ ಏನಾದ್ರು ನೋಡೂಣು’ ಅಂದ.

ಡಿಸೆಂಬರ್‌ನಲ್ಲಿ ಎಕ್ಸ್‌ಪೆಡಿಷನ್ 33ಕ್ಕೆ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿ ಬಂತು. ಅದೇ ತಿಂಗಳು ಇಂಡೀ ಗೇಮ್ ಅವಾರ್ಡ್ಸ್‌ನವರು, ತಯಾರಿಕೆಯಲ್ಲಿ ಎಐ ಬಳಕೆಯಾಗಿತ್ತೆಂದು ತಾವು ಕೊಟ್ಟ ಪ್ರಶಸ್ತಿ ವಾಪಸ್ ಪಡೆದು ಬ್ಲೂ ಪ್ರಿನ್ಸ್‌ಗೆ ಕೊಟ್ಟರು. ಆ ಗದ್ದಲ ಓದಿ ನಾವು ಮತ್ತೆ ತೆರೆದು ಒಂದು ವಾರದಲ್ಲಿ ಮುಗಿಸಿದೆವು. ಆಡಬೇಕೆಂದಿರುವವರು ಮುಂದಿನ ಪ್ಯಾರಾ ಬಿಟ್ಟುಬಿಡಿ.

ಮೂರನೇ ಅಂಕಕ್ಕೆ ಬರುವಾಗ ಕಥೆ ಪೂರ್ತಿ ತಿರುಗುತ್ತದೆ. ಅದೊಂದು ಮನೆತನದ ಶೋಕದ ಕಥೆಯಾಗುತ್ತದೆ. ಅಪ್ಪ, ಅಮ್ಮ, ಮಕ್ಕಳು, ಅವರು ಕಳೆದುಕೊಂಡಿದ್ದು. ಕೊನೆಯ ಆಯ್ಕೆಯೂ ಆ ಮನೆಯವರ ಸಂಕಟದ ನಡುವೆಯೇ. ಬರವಣಿಗೆ ಗಟ್ಟಿಯಾಗಿದೆ, ಇಂಜಿನಿಯರ್ ಕಣ್ಣೊರೆಸಿಕೊಂಡ. ನನಗೆ ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತ್ತು. ವರ್ಷ ವರ್ಷ ಸಂಖ್ಯೆ ನೋಡುತ್ತ ಬಂದರಿನಲ್ಲಿ ನಿಂತ ಆ ಜನ ಎಲ್ಲಿ? ಸಂಖ್ಯೆ ಇಳಿಯುವ ಭಯವನ್ನು ಅಷ್ಟು ಚೆನ್ನಾಗಿ ಕಟ್ಟಿದ ಗೇಮ್, ಆ ಭಯ ಉಂಡವರನ್ನೇ ಹಿನ್ನೆಲೆಯ ಬಣ್ಣ ಮಾಡಿಬಿಟ್ಟಿತು. ದೊಡ್ಡ ಮನೆಯವರ ದುಃಖ ಮುಖ್ಯವಾಯಿತು, ಊರ ಮಂದಿ ಲೆಕ್ಕಕ್ಕೆ ಸಿಗಲಿಲ್ಲ. ‘ಅದು ಬೇಕಂತಲೇ ಮಾಡಿದ್ದು, ಅದೇ ಗೇಮ್‌ನ ಪ್ರಶ್ನೆ’ ಎಂದು ಇಂಜಿನಿಯರ್ ವಾದಿಸಿದ. ಇರಬಹುದು. ನೂರಕ್ಕೆ ತೊಂಬತ್ತು ಕೊಟ್ಟವರಿಗೂ ಹಾಗೇ ಅನಿಸಿರಬಹುದು. ಅವರು ಬಂದರಿನಲ್ಲಿ ನಿಂತು ನೋಡಿದವರಲ್ಲ.

ಸಂಕ್ರಾಂತಿಗೆ ಅಣ್ಣನ ಫೋನ್ ಬಂತು. ಹಿಂದೆ ತಕ್ಕಡಿಯ ಸದ್ದು, ಯಾರೋ ಯೂರಿಯಾ ಕೇಳುತ್ತಿದ್ದರು. ಎಳ್ಳು ಬೆಲ್ಲ, ಮಳೆ ಬೆಳೆ, ಯಾವ ನೋಟಿಫಿಕೇಶನ್ ಬಂತು, ಎಲ್ಲ ಆದ ಮೇಲೆ ಕೇಳಿದ.

‘ಮುಗೀತೇನೋ ಗೇಮು? ಆ ಮಂದಿ ಉಳದ್ರ?’

ಇಂಜಿನಿಯರ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

‘ಇನ್ನೂ ಮುಗಿದಿಲ್ಲ, ಅಣ್ಣಾ’ ಅಂದೆ.

‘ಹೌದಾ? ಸಾವಕಾಶ ಆಡ್ರಿ’ ಅಂದ. ‘ಮುಂದಿನ ತಿಂಗಳ ಬರ್ತೀನಿ, ಮಾರ್ಕ್ಸ್ ಕಾರ್ಡ್ ಒಂದ ನಿಮ್ಮಲ್ಲೇ ಉಳದೈತಿ. ಆವಾಗ ಕುಂತ ನೋಡೂಣು.’