ಸೇವೆಗೆ ಹೊರಡುವ ಬಾಲಿಕೆಯರಿಂದ ನಾವು ಏನನ್ನು ನಿರೀಕ್ಷಿಸಬೇಕು?

ನಮ್ಮ ಬಾಲಿಕೆಯರು ವಾರಕ್ಕೊಮ್ಮೆ ಅಂಗನವಾಡಿಗೆ ಸೇವೆಗಾಗಿ ಹೋಗುವರೆಂಬುದನ್ನು ಪೋಷಕರೆಲ್ಲರೂ ಬಲ್ಲರು. ಮೊದಲನೆಯ ದಿನ ಅವರ ಉತ್ಸಾಹವು ನೋಡತಕ್ಕದ್ದು. ಅಕ್ಷರ ಕಲಿಸುವೆವು, ಬಡಕಲು ಮಕ್ಕಳನ್ನು ಪುಷ್ಟರನ್ನಾಗಿ ಮಾಡುವೆವು ಎಂದು ಹೇಳಿಕೊಳ್ಳುತ್ತ ಹೊರಡುತ್ತಾರೆ. ತಿಂಗಳು ತುಂಬುವಷ್ಟರಲ್ಲಿ ಅದೇ ಬಾಲಿಕೆಯರು, "ನಮ್ಮಿಂದ ಏನೂ ಆಗಲಿಲ್ಲ, ಟೀಚರ್" ಎಂದು ಬಾಡಿದ ಮುಖದಿಂದ ಹಿಂದಿರುಗುವರು. ಪಾಠ ಬಿಟ್ಟು ಹೋಗಿ ಸಾಧಿಸಿದ್ದೇನೆಂದು ಮನೆಯಲ್ಲಿಯೂ ಕೇಳುವುದುಂಟು. ಈ ಬೇಸರಕ್ಕೆ ಬಾಲಿಕೆಯರ ಆಲಸ್ಯವು ಕಾರಣವಲ್ಲ. ನಾವು ಹಿರಿಯರು ಅವರ ಮುಂದಿಟ್ಟ ಆಶೆಯೇ ಅಳತೆ ಮೀರಿದ್ದಾಗಿತ್ತು.

ಲೆಕ್ಕವನ್ನೇ ನೋಡೋಣ. ವಾರಕ್ಕೆ ಎರಡು ಗಂಟೆಯಂತೆ ಹತ್ತು ವಾರ ಹೋದರೆ ಒಟ್ಟು 20 ಗಂಟೆಗಳಾದವು. 1969ನೆಯ ಇಸವಿಯಲ್ಲಿ ಪ್ರಾರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಗೊತ್ತುಮಾಡಿದ್ದಾರೆ. ಅದಲ್ಲದೆ ಏಳು ದಿನಗಳ ಶಿಬಿರವೂ ಉಂಟು. ಅಷ್ಟರಿಂದಲೂ ಒಂದು ಹಳ್ಳಿಯ ಸ್ಥಿತಿಯು ಬದಲಾಗಿಬಿಡುವುದೆಂದು ತಿಳಿದವರು ಹೇಳರು. ಇನ್ನು ಮಗುವಿನ ತೂಕದ ಮಾತು. ಮೂರು ವರ್ಷದ ಆರೋಗ್ಯವಂತ ಮಗುವು ಇಡೀ ವರ್ಷದಲ್ಲಿ ಸುಮಾರು 2 ಕಿಲೋಗ್ರಾಂ ಮಾತ್ರ ಹೆಚ್ಚುವುದು. ಹತ್ತು ವಾರಗಳಲ್ಲಿ ಅದು ಅರ್ಧ ಕಿಲೋಗ್ರಾಮೂ ಆಗದು. ನಡುವೆ ಒಮ್ಮೆ ಭೇದಿಯಾದರೆ ಅದೂ ಇಳಿದುಹೋಗುವುದು. ಆದುದರಿಂದ ತೂಕದ ಪುಸ್ತಕದಲ್ಲಿ ತಮ್ಮ ಸೇವೆಯ ಫಲವನ್ನು ಹುಡುಕುವ ಬಾಲಿಕೆಯರು ನಿರಾಶರಾಗುವುದು ಸಹಜವೇ.

ಹಾಗಾದರೆ ಅವರಿಂದ ಆಗತಕ್ಕ ಕೆಲಸ ಯಾವುದು? ಅಂಗನವಾಡಿಯ ಕಾರ್ಯಕರ್ತೆಯು ಮಕ್ಕಳಿಗೆ ಪಾಠ ಹೇಳಬೇಕು, ಆಹಾರ ಹಂಚಬೇಕು, ತೂಕ ಬರೆಯಬೇಕು, ಗರ್ಭಿಣಿಯರನ್ನೂ ಬಾಣಂತಿಯರನ್ನೂ ವಿಚಾರಿಸಿಕೊಳ್ಳಬೇಕು. ಹೊಸದಾಗಿ ಬಂದ ಬಾಲಿಕೆಯು ಮೊದಮೊದಲು ಆಕೆಗೆ ಸಹಾಯವಾಗುವುದಕ್ಕಿಂತ ಹೊರೆಯೇ ಆಗುವಳು. ಆದರೆ ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸುವುದು, ಕಾಳು ಆರಿಸುವುದು, ಒಂದು ಕಥೆ ಹೇಳಿ ಮಕ್ಕಳನ್ನು ಸುಮ್ಮನೆ ಕೂರಿಸುವುದು, ಇವನ್ನು ತಪ್ಪದೆ ಮಾಡಿದರೆ ಕಾರ್ಯಕರ್ತೆಗೆ ಅರ್ಧ ಗಂಟೆಯ ಬಿಡುವು ದೊರೆಯುವುದು. ಆ ಬಿಡುವಿನಲ್ಲಿ ಆಕೆಯು ಒಬ್ಬ ಬಾಣಂತಿಯ ಮನೆಗೆ ಹೋಗಿಬರಬಹುದು. ಇದು ಸಣ್ಣದಾದರೂ ನಿಜವಾದ ಸೇವೆ.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಒಮ್ಮೆ ನಮ್ಮ ಬಾಲಿಕೆಯೊಬ್ಬಳು ಪುಟ್ಟ ಮಗುವಿಗೆ, "ಮುಂದಿನ ಶನಿವಾರ ಗೊಂಬೆ ತರುತ್ತೇನೆ" ಎಂದು ಹೇಳಿ ಬಂದಳು. ಅಷ್ಟರಲ್ಲಿ ಪರೀಕ್ಷೆ ಬಂದಿತು. ಮೂರು ವಾರ ಯಾರೂ ಹೋಗಲಿಲ್ಲ. ನಾವು ಹೇಳಿಯೂ ಕಳುಹಿಸಲಿಲ್ಲ. ಆ ಮೂರು ಶನಿವಾರವೂ ಮಗುವು ಹೊಸ್ತಿಲ ಮೇಲೆ ಕುಳಿತು ದಾರಿ ನೋಡಿತೆಂದು ಕಾರ್ಯಕರ್ತೆಯು ತಿಳಿಸಿದಾಗ ನಮಗೆ ನಾಚಿಕೆಯಾಯಿತು. ದಿನಗಳನ್ನು ಗೊತ್ತುಮಾಡಬೇಕಾಗಿದ್ದವರು ನಾವೇ ಅಲ್ಲವೆ? ಅಂದಿನಿಂದ ಎಂದಿನಿಂದ ಎಂದಿನವರೆಗೆ ಬರುವೆವೆಂಬುದನ್ನು ಮೊದಲನೆಯ ದಿನವೇ ತಿಳಿಸುತ್ತೇವೆ. ಉಡುಗೊರೆಯ ಮಾತು ಕೊಡಕೂಡದು. ಬರಲಾಗದಿದ್ದರೆ ಮುಂದಾಗಿ ಹೇಳಿಕಳುಹಿಸಬೇಕು. ಕೊನೆಯ ದಿನ ಮಕ್ಕಳಿಗೆ ಹೇಳಿಯೇ ಬರಬೇಕು. ಸೇವೆಯಿಂದ ಒಳಿತಾಗದಿದ್ದರೂ ಸಹಿಸಬಹುದು, ನೋವಾಗಬಾರದು.

ಬಾಲಿಕೆಯರಿಗಾಗುವ ಲಾಭವು ಅಲ್ಪವಲ್ಲ. ಕೂಲಿ ತಪ್ಪಿದ ದಿನ ತಾಯಿಯೊಬ್ಬಳು ಮಗುವನ್ನು ಹೇಗೆ ಸಂತೈಸುವಳೆಂಬುದನ್ನು ಅವರು ಕಣ್ಣಾರೆ ಕಾಣುವರು. ಬೋಧಿಸುವ ಮೊದಲು ಕೇಳಿ ತಿಳಿಯಬೇಕೆಂಬುದನ್ನು ಕಲಿಯುವರು.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮಗಳು ಹಿಂದಿರುಗಿದಾಗ "ಏನು ಸಾಧಿಸಿದೆ?" ಎಂದು ಕೇಳದೆ, "ಇಂದು ಏನು ಕಂಡೆಯಮ್ಮ?" ಎಂದು ಕೇಳಿರಿ. ಹಿಂದೆ ಈ ದಾರಿಯಲ್ಲಿ ನಡೆದ ಪೂರ್ವ ವಿದ್ಯಾರ್ಥಿನಿಯರು ಬಿಡುವಾದಾಗ ಬಂದು, ತಮ್ಮಿಂದ ಆದದ್ದನ್ನೂ ಆಗದೆ ಹೋದದ್ದನ್ನೂ ಈಗಿನವರಿಗೆ ಮರೆಮಾಚದೆ ಹೇಳಿದರೆ ಬಹಳ ಉಪಕಾರವಾಗುವುದು.