ಕರಿ ಕೋಟು ಕಳಚಿಟ್ಟ ಮೇಲೂ ಕೇಸು ಬಿಡದ ವಕೀಲರು

ದೇವರಮನೆ ಅಂದ್ರೆ ನಿಮ್ಮ ಫೋನಲ್ಲಿ ಏನಿರುತ್ತೆ? ಮಂಜು, ಹಸಿರು ಗುಡ್ಡ, ಕಾಲಭೈರವೇಶ್ವರನ ಗುಡಿ ಮುಂದೆ ಒಂದು ರೀಲ್ಸ್. ಇವತ್ತು ಆ ಗುಡ್ಡ ಇಳಿದು ಕಾಫಿ ತೋಟದ ಲೈನ್‌ಮನೆಗೆ ಹೋಗೋಣ.

ಒಬ್ಬ ಹೆಂಗಸು ಅಂದುಕೊಳ್ಳಿ. ಗಂಡ ಬಿಟ್ಟು ಹೋಗಿದ್ದಾನೆ, ಇಬ್ಬರು ಮಕ್ಕಳು, ದಿನಗೂಲಿ. ಜೀವನಾಂಶ ಕೇಳೋಕೆ ಮೂಡಿಗೆರೆ ಕೋರ್ಟಿಗೆ ಬರಬೇಕು. ಬಂದ ದಿನ ಕೂಲಿ ಇಲ್ಲ, ಬಸ್ ಚಾರ್ಜು ಬೇರೆ. ವಕೀಲರ ಫೀಸು ಎಷ್ಟಾಗುತ್ತೋ ಅನ್ನೋ ಹೆದರಿಕೆಗೇ ಆಕೆ ಸುಮ್ಮನಾಗ್ತಾಳೆ.

ಆಕೆಗೆ ಯಾರೂ ಹೇಳದ ವಿಷಯ ಇದು: ಫೀಸು ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ 12ನೇ ಸೆಕ್ಷನ್ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿರೋರು, ಇವರಿಗೆಲ್ಲ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಉಳಿದವರಿಗೆ ಮಾತ್ರ ವರಮಾನದ ಮಿತಿ. ಕೋರ್ಟ್ ಶುಲ್ಕ, ಟೈಪಿಂಗ್, ದಾಖಲೆಗಳ ನಕಲು ಎಲ್ಲಾ ಇದರಲ್ಲೇ ಬರುತ್ತೆ. ಪ್ರಾಧಿಕಾರ ಕೊಟ್ಟ ವಕೀಲರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಕೇಳಿದ್ರೆ ದೂರು ಕೊಡಿ, ಸಂಕೋಚ ಬೇಡ.

ಈಗ ನಿವೃತ್ತ ವಕೀಲರ ವಿಷಯ. ನಿಜ ಹೇಳಬೇಕಂದ್ರೆ ವಕೀಲಿಕೆಗೆ ನಿವೃತ್ತಿ ವಯಸ್ಸೇ ಇಲ್ಲ, ಸನ್ನದು ಇರೋವರೆಗೂ ವಾದ ಮಾಡಬಹುದು. ಆದ್ರೆ ಮಂಡಿ ನೋವು ಅಂತಲೋ, ಮಕ್ಕಳು ನೋಡ್ಕೋತಾರೆ ಅಂತಲೋ ಎಷ್ಟೋ ಜನ ಕೋಟು ಕಳಚಿಡ್ತಾರೆ. ಅಂಥವರಿಗೂ ಬಾಗಿಲಿದೆ. ಉಚಿತ ಕೇಸುಗಳು ಸರಿಯಾಗಿ ನಡೀತಿವೆಯಾ ಅಂತ ನೋಡೋ ಉಸ್ತುವಾರಿ ಸಮಿತಿಯಲ್ಲಿ 15 ವರ್ಷಕ್ಕೂ ಹೆಚ್ಚು ಅನುಭವದ ವಕೀಲರಿಗೆ ಜಾಗ ಇದೆ. ಅರೆಕಾನೂನು ಸ್ವಯಂಸೇವಕರಾಗಿ ಹಿರಿಯ ನಾಗರಿಕರೂ ಸೇರಬಹುದು. ಇವರು ಕೋರ್ಟಲ್ಲಿ ವಾದ ಮಾಡಲ್ಲ, ಜನರನ್ನ ಸರಿಯಾದ ಬಾಗಿಲಿಗೆ ತಲುಪಿಸ್ತಾರೆ. ನನ್ನ ಪ್ರಕಾರ ಅದೇ ದೊಡ್ಡ ಕೆಲಸ. ಹಳೇ ಪಹಣಿ ಓದೋದು, ತಾಲ್ಲೂಕು ಕಚೇರೀಲಿ ಅರ್ಜಿ ಯಾವ ಟೇಬಲ್ಲಲ್ಲಿ ಕೂತಿದೆ ಅಂತ ಊಹಿಸೋದು, ಇದು ಯಾವ ಆ್ಯಪ್‌ಗೂ ಬರಲ್ಲ.

ಇನ್ನೂ ಒಂದು ಕಡೆ ಇವರು ಬೇಕೇಬೇಕು: ಲೋಕ ಅದಾಲತ್. ಅಲ್ಲಿ ರಾಜಿಯಾದ್ರೆ ಮೊದಲು ಕಟ್ಟಿದ್ದ ಕೋರ್ಟ್ ಶುಲ್ಕ ವಾಪಸ್ ಬರುತ್ತೆ. ಆದ್ರೆ ಆ ತೀರ್ಪಿನ ಮೇಲೆ ಅಪೀಲು ಇಲ್ಲ. ಅಪಘಾತದ ಪರಿಹಾರ ಅಂತ ಕಡಿಮೆ ಮೊತ್ತಕ್ಕೆ ಹೆಬ್ಬೆಟ್ಟು ಒತ್ತಿಬಿಟ್ರೆ ಅಷ್ಟೇ. ಒತ್ತೋಕೆ ಮುಂಚೆ "ಸ್ವಲ್ಪ ತಾಳಮ್ಮಾ, ಇನ್ನೊಂದ್ಸಲ ಲೆಕ್ಕ ಹಾಕೋಣ" ಅನ್ನೋ ಹಿರಿಯರು ಪಕ್ಕದಲ್ಲಿರಬೇಕು.

ಹಾಗಂತ ಎಲ್ಲಾ ಸಲೀಸಲ್ಲ. ವಕೀಲರು ಉಚಿತ ಆದ್ರೂ ಕಳೆದ ಕೂಲಿಯನ್ನ ಯಾರೂ ಕೊಡಲ್ಲ. ಕಳಸ ಈಗ ಬೇರೆ ತಾಲ್ಲೂಕಾಗಿದ್ರೂ ಘಾಟಿ ರಸ್ತೆ ಅದೇ, ಮಳೆಗಾಲ ಅದೇ. ಅದಕ್ಕೇ ಸ್ವಯಂಸೇವಕರು ಕೋರ್ಟ್ ಆವರಣದಲ್ಲಿ ಕೂರೋದಕ್ಕಿಂತ ಸಂತೆ ದಿನ ಊರಿಗೆ ಬಂದ್ರೆ ಹೆಚ್ಚು ಪ್ರಯೋಜನ.

ನಂಬರ್ ಸೇವ್ ಮಾಡ್ಕೊಳ್ಳಿ: 15100. ದೇಶದ ಎಲ್ಲಿಂದ ಬೇಕಾದ್ರೂ ಮಾಡಬಹುದು. ಇಲ್ಲಾಂದ್ರೆ ತಾಲ್ಲೂಕು ಕೋರ್ಟಲ್ಲೇ ಇರೋ ಕಾನೂನು ಸೇವೆಗಳ ಸಮಿತಿಗೆ ಹೋಗಿ. ಬರೆಯೋಕೆ ಬರದಿದ್ರೂ ಪರವಾಗಿಲ್ಲ, ಬಾಯಲ್ಲಿ ಹೇಳಿದ್ರೆ ಅವರೇ ಬರ್ಕೋತಾರೆ. ನಿಮ್ಮ ತೋಟದ ಲೈನಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಅಕ್ಕ ಯಾರಾದ್ರೂ ಇದ್ರೆ, ಈ ನಂಬರ್ ಒಂದು ಚೀಟೀಲಿ ಬರೆದು ಕೊಡಿ.