ಗೇರ್ ಬಾಕ್ಸ್ ಇಳಿಸಿದ ಎರಡು ಭಾನುವಾರ

ಕಾರಿನ ಹೊಟ್ಟೆಯೊಳಗೆ ಯಾರೋ ಕೂತು ರಾಗಿ ಬೀಸಿದ ಹಾಗೆ ಸದ್ದು. ವೇಗ ಹೆಚ್ಚಾದರೆ ಸದ್ದೂ ಹೆಚ್ಚು. ಕ್ಲಚ್ ಒತ್ತಿದರೂ ನಿಲ್ಲುವುದಿಲ್ಲ, ನ್ಯೂಟ್ರಲ್‌ಗೆ ಹಾಕಿದರೂ ನಿಲ್ಲುವುದಿಲ್ಲ. ಕಾರು ನಿಂತರೆ ಮಾತ್ರ ನಿಲ್ಲುತ್ತದೆ.

ಆರ್.ಟಿ. ನಗರದಲ್ಲಿ ನಮ್ಮ ಪಕ್ಕದ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಹಾಜಿಯವರ 2009ರ ಮಾರುತಿ 800ರ ಕಥೆ ಇದು. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗುವುದಕ್ಕೂ ಅದೇ ಕಾರು, ವರ್ಷಕ್ಕೆ ಮೂರು ನಾಲ್ಕು ಸಲ ಉಪ್ಪಿನಂಗಡಿಗೆ ಹೋಗುವುದಕ್ಕೂ ಅದೇ. ಹದಿನೈದು ವರ್ಷ ತುಂಬಿತೆಂದು ಮರುನೋಂದಣಿ ಮಾಡಿಸಿದ್ದರು. 2022ರ ಏಪ್ರಿಲ್‌ನಿಂದ ಅದರ ಶುಲ್ಕವೇ 5,000 ರೂಪಾಯಿ. ಮೇಲಿಂದ ಟಿಂಕರಿಂಗ್, ಪೇಂಟ್, ಹೊಸ ಟಯರ್. ಇಷ್ಟೆಲ್ಲ ಆದ ಮೇಲೆ ಈ ಸದ್ದು ಶುರುವಾಯಿತು. ಒಂದು ಗ್ಯಾರೇಜಿನವರು ಕಾರನ್ನು ಒಂದು ಸುತ್ತು ಓಡಿಸಿ ನೋಡಿ, "ಗೇರ್ ಬಾಕ್ಸ್ ಫುಲ್ ಚೇಂಜ್, 22 ಸಾವಿರ" ಅಂದರು. ಬಿಚ್ಚಿ ನೋಡಲಿಲ್ಲ. ಊರಲ್ಲಿ ತಂಗಿಯ ಮಗಳ ಮದುವೆಗೆ ಉಳಿದಿದ್ದು ಹದಿನೆಂಟು ದಿವಸ.

ಹಾಜಿಯವರ ಸೋದರಳಿಯ ಒಬ್ಬ ಇದ್ದಾನೆ. ಐಟಿಐ ಮಾಡಿ ಯಲಹಂಕದ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿರುವ ಹುಡುಗ. ಅವನಿಗೆ ರಜೆ ಇರುವುದು ಭಾನುವಾರ ಮಾತ್ರ. "ಮಾಮ, ಮನೆಯಲ್ಲೇ ಇಳಿಸುವ. ಬಿಚ್ಚಿದ ಮೇಲೆ ಎಂತ ಹೋಗಿದೆ ಅಂತ ಕಣ್ಣಾರೆ ನೋಡಿ ದುಡ್ಡು ಹಾಕಿ" ಅಂದ. ನಾನು ಬೆಳಗ್ಗಿನ ಮದ್ರಸ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ನನ್ನ ಕೆಲಸ ಟಾರ್ಚ್ ಹಿಡಿಯುವುದು, ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಹೆಸರು ಬರೆಯುವುದು. ಬರೆಯುವ ಕೆಲಸವಾದರೆ ನಮಗೆ ರೂಢಿ ತಾನೇ!

ನಮ್ಮ ತಂದೆಯವರ ಕಾಲದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎಲ್ಲ ಹಿಂದಿನ ಚಕ್ರ ತಿರುಗಿಸುವ ಗಾಡಿಗಳು. ಎಂಜಿನ್ ಮುಂದೆ, ಡಿಫರೆನ್ಶಿಯಲ್ ಹಿಂದಿನ ಆಕ್ಸಲ್ ನಡುವೆ ದೊಡ್ಡ ಗೆಡ್ಡೆಯ ಹಾಗೆ. ಅದನ್ನು ಕಳಚಲು ಗೇರ್ ಬಾಕ್ಸ್ ಮುಟ್ಟಬೇಕಾಗಿಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ದಿಲ್ಲಿಯ ಹರ್‌ಪಾಲ್ ಸಿಂಗ್ ಎಂಬವರ ಕೈಗೆ ಮೊದಲ ಮಾರುತಿ 800ರ ಕೀಲಿ ಕೊಟ್ಟರಲ್ಲ, ಮುಂದಿನ ಚಕ್ರ ಎಳೆಯುವ ಗಾಡಿ ನಮ್ಮ ದೇಶದ ಮನೆಮನೆಗೆ ಬಂದದ್ದು ಆ ಕಾರಿನಿಂದ. 796 ಸಿಸಿಯ ಪುಟ್ಟ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಅದಕ್ಕೆ ಗೇರ್ ಬಾಕ್ಸ್ ಅಂಟಿಕೊಂಡಿರುತ್ತದೆ, ಡಿಫರೆನ್ಶಿಯಲ್ ಆ ಗೇರ್ ಬಾಕ್ಸಿನ ಒಳಗೇ. ಮೂರಕ್ಕೂ ಜಾಗ ಒಂದೇ. ಹಾಗಾಗಿ ಡಿಫರೆನ್ಶಿಯಲ್ ಬೇಕೆಂದರೆ ಗೇರ್ ಬಾಕ್ಸ್ ಇಳಿಸಿ, ಅದರ ಚಿಪ್ಪು ಬಿಡಿಸಲೇಬೇಕು.

ಇದು ಮಾಡುವ ಕೆಲಸವಾದರೂ ಎಂತದ್ದು? ಮಕ್ಕಳನ್ನು ಒಂದೇ ಸಾಲಿನಲ್ಲಿ ಕೈ ಹಿಡಿಸಿ ನಡೆಸಿ, ಮೂಲೆಯಲ್ಲಿ ತಿರುಗಿಸಿ ನೋಡಿ. ಒಳಗಿನ ಹುಡುಗ ನಿಂತಲ್ಲೇ ತಿರುಗುತ್ತಾನೆ, ಹೊರಗಿನವ ಓಡಬೇಕಾಗುತ್ತದೆ. ಕಾರಿನ ಚಕ್ರಗಳಿಗೂ ಅಷ್ಟೇ. 800ರ ಎರಡು ಮುಂಚಕ್ರಗಳ ನಡುವಿನ ಅಂತರ ಸುಮಾರು 1.2 ಮೀಟರ್. ಚಾರ್ಮಾಡಿಯ ಒಂದು ಹೇರ್‌ಪಿನ್ ತಿರುವಿನಲ್ಲಿ ಪೂರ್ತಿ ತಿರುಗಿ ಹಿಂದಕ್ಕೆ ಮುಖ ಮಾಡಿದರೆ ಹೊರಗಿನ ಚಕ್ರ ಒಳಗಿನದ್ದಕ್ಕಿಂತ ಸುಮಾರು 3.8 ಮೀಟರ್ ಹೆಚ್ಚು ಓಡಿರುತ್ತದೆ. ತಿರುವು ಅಗಲವಿರಲಿ ಕಿರಿದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದಿದ್ದರೆ ಟಯರ್ ಉಜ್ಜಿ ಹೋಗುತ್ತಿತ್ತು, ಸ್ಟೇರಿಂಗ್ ತಿರುಗುತ್ತಿರಲಿಲ್ಲ. ಎಂಜಿನಿನ ಬಲ ಎರಡಕ್ಕೂ ಹೋಗಬೇಕು, ವೇಗ ಮಾತ್ರ ಅವರವರ ಅಗತ್ಯಕ್ಕೆ ತಕ್ಕಂತೆ. ಫ್ರಾನ್ಸಿನ ಪೆಕ್ಕರ್ ಎಂಬ ಕುಶಲಿ 1820ರ ದಶಕದಲ್ಲಿ ಉಗಿಬಂಡಿಗಾಗಿ ಇದನ್ನು ಹೊಂದಿಸಿದ್ದ. ಇವತ್ತಿಗೂ ತತ್ವ ಅದೇ: ಒಂದು ದೊಡ್ಡ ಗೇರ್, ಅದರ ಹೊಟ್ಟೆಯಲ್ಲಿ ನಾಲ್ಕು ಚಿಕ್ಕ ಗೇರ್, ನಡುವೆ ಒಂದು ಪಿನ್.

ಬಿಚ್ಚುವ ಮೊದಲು ಹುಡುಗ ಇನ್ನೊಂದು ಸಲ ಕಾರು ಓಡಿಸಿದ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ "ಟಕ್ ಟಕ್ ಟಕ್" ಅಂದರೆ ಅದು ಚಕ್ರದ ಹತ್ತಿರದ ಆಕ್ಸಲ್ ಜಾಯಿಂಟು, ಗೇರ್ ಬಾಕ್ಸಲ್ಲ. ರಬ್ಬರ್ ಬೂಟು ಹರಿದು ಗ್ರೀಸಿಗೆ ಮಣ್ಣು ಸೇರಿದರೆ ಹಾಗಾಗುತ್ತದೆ. ವ್ಹೀಲ್ ಬೇರಿಂಗ್ ಹೋದರೆ ಬರುವ ಹುಂಕಾರ ಒಂದು ಬದಿಗೆ ತಿರುಗಿಸಿದಾಗ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ. ಇವೆರಡಕ್ಕೂ ಗೇರ್ ಬಾಕ್ಸ್ ಇಳಿಸುವವರು ಇದ್ದಾರೆ ಮಾರಾಯ್ರೆ, ದುಡ್ಡು ಹೋದ ಮೇಲೆ ಗೊತ್ತಾಗುತ್ತದೆ. ಇಲ್ಲಿ ಹಾಗಿರಲಿಲ್ಲ. ಎಡಗಡೆ ಆಕ್ಸಲ್ ಹೊರಬರುವ ಜಾಗದಲ್ಲಿ ಆಯಿಲ್ ಸೀಲು ಒಸರಿ, ಗೇರ್ ಬಾಕ್ಸಿನ ತಳವೆಲ್ಲ ಎಣ್ಣೆ ಮಣ್ಣಿನ ಕೊಳೆ.

ಮೊದಲ ಭಾನುವಾರ.

ಚಕ್ರ ನೆಲದಲ್ಲಿರುವಾಗಲೇ ಆಕ್ಸಲ್ ನಟ್ಟಿನ ಪಿನ್ ತೆಗೆದು ನಟ್ಟು ಸಡಿಲಿಸಿದ. ಮೇಲೆತ್ತಿದ ಮೇಲೆ ಅಷ್ಟು ಬಲ ಹಾಕಿದರೆ ಕಾರೇ ಉರುಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂಚಕ್ರಗಳಿಗೆ ಎರಡೂ ಬದಿ ಮರದ ತುಂಡು ಇಟ್ಟ. ಕಾರನ್ನು ಗೇರಿಗೆ ಹಾಕಿದ್ದೇನೆ ಎಂಬ ಧೈರ್ಯ ಇಲ್ಲಿ ನಡೆಯದು, ಗೇರು ಹಿಡಿಯುವುದು ಮುಂಚಕ್ರವನ್ನು, ಅದೇ ಗಾಳಿಯಲ್ಲಿರುತ್ತದೆ. ಹಾಜಿಯವರು ಎದುರಿನ ಕಟ್ಟಡದ ಕೆಲಸದಿಂದ ನಾಲ್ಕು ಸಿಮೆಂಟ್ ಬ್ಲಾಕ್ ತಂದಿದ್ದರು. ಹುಡುಗನಿಗೆ ಕೋಪವೇ ಬಂತು. "ಮಾಮ, ಇದು ಗೋಡೆ ಕಟ್ಟಲಿಕ್ಕೆ. ಕಾರಿನ ಭಾರ ಒಂದೇ ಜಾಗದಲ್ಲಿ ಕೂತರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಒಳಗೆ ನಾನಿರುತ್ತೇನೆ." ವರ್ಕ್‌ಶಾಪಿನಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ತಂದಿದ್ದ. ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಮೂರು ಸಲ ಕಾರನ್ನು ಜೋರಾಗಿ ದೂಡಿ ನೋಡಿದ ನಂತರವೇ ಅಡಿಗೆ ನುಸುಳಿದ. ತೆಗೆದ ಎರಡು ಚಕ್ರಗಳನ್ನೂ ಕಾರಿನ ಅಡಿಗೇ ಮಲಗಿಸಿದ, ಬಿದ್ದರೂ ಅದರ ಮೇಲೆ ಬೀಳಲಿ ಅಂತ.

ಬ್ಯಾಟರಿಯ ನೆಗೆಟಿವ್ ವಯರ್ ತೆಗೆದಾಯಿತು. ಎಣ್ಣೆ ಇಳಿಸುವಾಗ ನಾನು ಕೆಳಗಿನ ಪ್ಲಗ್ಗಿಗೆ ಸ್ಪ್ಯಾನರ್ ಕೊಡಲು ಹೋದೆ, ಬೇಡವೆಂದ. ಮೊದಲು ಎಣ್ಣೆ ತುಂಬುವ ಮೇಲಿನ ಪ್ಲಗ್ ಬಿಚ್ಚುತ್ತದಾ ನೋಡಬೇಕು. ಕೆಳಗಿನದ್ದು ಬಿಚ್ಚಿ ಎಣ್ಣೆಯೆಲ್ಲ ಹೋದ ಮೇಲೆ ಮೇಲಿನದ್ದು ತುಕ್ಕು ಹಿಡಿದು ಕೂತಿದ್ದರೆ ಕಾರು ನಿಂತಲ್ಲೇ ಬಾಕಿ. ಸುಮಾರು 2 ಲೀಟರ್ ಬರಬೇಕಾದ ಕಡೆ ಬಂದದ್ದು ಒಂದು ಲೀಟರೂ ಇಲ್ಲ. ಬಂದಷ್ಟು ಎಣ್ಣೆಯನ್ನು ಬಿಸಿಲಿಗೆ ಹಿಡಿದರೆ ಬೆಳ್ಳಿ ಪುಡಿ ಕಲಸಿದ ಹಾಗೆ ಮಿನುಗು. ಹಾಜಿಯವರ ಮುಖ ಸಣ್ಣದಾಯಿತು. ಆ ಎಣ್ಣೆಯನ್ನು ಕ್ಯಾನಿಗೆ ತುಂಬಿ ವರ್ಕ್‌ಶಾಪಿನ ಡ್ರಮ್ಮಿಗೆ ಕೊಂಡುಹೋದ. ಚರಂಡಿಗೆ ಸುರಿದರೆ ರಾಜಕಾಲುವೆ ಹಿಡಿದು ಕೆರೆಗೇ ಹೋಗುವುದು, ಮತ್ತೆ ಕೆರೆ ನೊರೆ ಬಂತು ಅಂತ ನಾವೇ ಬೈಯುವುದು.

ಆಮೇಲೆ ಸರಸರ ನಡೆಯಿತು. ಬಾಲ್ ಜಾಯಿಂಟ್ ಬಿಡಿಸಿ ಎರಡೂ ಆಕ್ಸಲ್ ಎಳೆದ. ಎಳೆಯುವಾಗ ರಬ್ಬರ್ ಜಾಯಿಂಟು ಹಿಡಿದು ಜಗ್ಗಬಾರದು, ಗೇರ್ ಬಾಕ್ಸಿನ ಬುಡದಲ್ಲಿ ಲಿವರ್ ಕೊಟ್ಟು ಎಬ್ಬಬೇಕು. ಸ್ಟಾರ್ಟರ್, ಕ್ಲಚ್ ಕೇಬಲ್, ಮೀಟರ್ ಕೇಬಲ್, ರಿವರ್ಸ್ ಲೈಟಿನ ವಯರ್, ಗೇರ್ ರಾಡ್. ಪ್ರತಿಯೊಂದಕ್ಕೂ ನನ್ನ ಡಬ್ಬಿ, ನನ್ನ ಚೀಟಿ. ಎಂಜಿನ್ ಅಡಿಗೆ ಹಲಗೆ ಇಟ್ಟು ಇನ್ನೊಂದು ಜಾಕ್. ಹಲಗೆ ಇಲ್ಲದಿದ್ದರೆ ಎಣ್ಣೆ ತಟ್ಟೆ ನುಗ್ಗಾಗುತ್ತದೆ. ಕೊನೆಗೆ ಮೌಂಟಿಂಗ್ ಬಿಚ್ಚಿ, ಎಂಜಿನಿಗೆ ಸೇರಿಸಿದ ಬೋಲ್ಟು ಬಿಚ್ಚಿ, ಗೇರ್ ಬಾಕ್ಸನ್ನು ಟ್ರಾಲಿ ಜಾಕಿನ ಮೇಲೆ ಇಳಿಸಿದೆವು. ಲುಹರ್ ಬಾಂಗ್ ಆಗುವಾಗ ಅದು ಹಳೇ ಗೋಣಿಚೀಲದ ಮೇಲೆ ಮಲಗಿತ್ತು.

ಮಧ್ಯಾಹ್ನ ಚಿಪ್ಪು ಬಿಡಿಸಿದ. ಸುತ್ತಲಿನ ಬೋಲ್ಟು ತೆಗೆದರೂ ಬರಲಿಲ್ಲ. ಹಾಜಿಯವರು ಸ್ಕ್ರೂ ಡ್ರೈವರ್ ತೂರಿಸಿ ಎಬ್ಬುವ ಅಂದರು. ಅಲ್ಯೂಮಿನಿಯಂ ಚಿಪ್ಪಿನ ಅಂಚಿಗೆ ಒಂದು ಗೀರು ಬಿದ್ದರೆ ಸಾಕು, ಎಣ್ಣೆ ಅಲ್ಲಿಂದ ಒಸರುತ್ತಲೇ ಇರುತ್ತದೆ. ಬರಲಿಲ್ಲ ಅಂದರೆ ಇನ್ನೊಂದು ಬೋಲ್ಟು ಎಲ್ಲೋ ಉಳಿದಿದೆ ಅಂತ ಅರ್ಥ. ಉಳಿದಿತ್ತು, ರಿವರ್ಸ್ ಗೇರಿನ ಶಾಫ್ಟ್ ಹಿಡಿದಿರುವ ಬೋಲ್ಟು, ಪಕ್ಕದಲ್ಲಿ.

ಒಳಗೆ ಗೇರುಗಳೆಲ್ಲ ಚೆನ್ನಾಗಿದ್ದವು. ಹಾಳಾದದ್ದು ಡಿಫರೆನ್ಶಿಯಲ್ ಮಾತ್ರ. ಪಕ್ಕದ ಒಂದು ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಮರಳು ತುಂಬಿದ ಹಾಗೆ ಗರಗರ. ನಡುವಿನ ಪಿನ್ ತೆಗೆದು ತೋರಿಸಿದ: ಚಿಕ್ಕ ಗೇರುಗಳು ಕೂರುವ ಎರಡು ಜಾಗದಲ್ಲಿ ಉಗುರು ಸಿಕ್ಕುವಷ್ಟು ಸವೆತ. "ಮಾಮ, ಕೆಸರಲ್ಲಿ ಚಕ್ರ ಹೂತು ಆಕ್ಸಿಲರೇಟರ್ ಒತ್ತಿದ್ದೀರಾ?" ಎಂದು ಕೇಳಿದ.

ಕಾರಣ ಅದೇ. ಊರಿನ ಮನೆಗೆ ಹೋಗುವ ದಾರಿ ಕೆಂಪು ಮಣ್ಣಿನ ಏರು. ಕಳೆದ ಜುಲೈ ಮಳೆಯಲ್ಲಿ ಒಂದು ಚಕ್ರ ಹೂತು, ಅರ್ಧ ಗಂಟೆ ತಿರುಗಿಸಿದ್ದರಂತೆ. ನೇರ ರಸ್ತೆಯಲ್ಲಿ ಒಳಗಿನ ಚಿಕ್ಕ ಗೇರುಗಳು ತಮ್ಮ ಪಿನ್ ಮೇಲೆ ತಿರುಗುವುದೇ ಇಲ್ಲ, ಇಡೀ ಗಡ್ಡೆ ಒಟ್ಟಿಗೆ ಸುತ್ತುತ್ತದೆ. ತಿರುವಿನಲ್ಲಿ ನಿಧಾನಕ್ಕೆ ತಿರುಗುತ್ತವೆ. ಒಂದು ಚಕ್ರ ನಿಂತು ಇನ್ನೊಂದು ಕೆಸರಲ್ಲಿ ಸುತ್ತಿದರೆ ಮಾತ್ರ ಅವು ಹುಚ್ಚು ಹಿಡಿದಂತೆ ತಿರುಗುತ್ತವೆ. ಎಣ್ಣೆ ಅರ್ಧವಿದ್ದರೆ ಪಿನ್ ಒಣಗಿ ಸುಟ್ಟ ಹಾಗೆಯೇ. ಚಕ್ರದಡಿಗೆ ಗೋಣಿ, ಕಲ್ಲು, ತೆಂಗಿನ ಸೋಗೆ ಕೊಟ್ಟು ಮೆಲ್ಲ ಹೊರಡಿಸಬೇಕಿತ್ತು.

ವಾರದ ನಡುವೆ ಸಾಮಾನಿನ ಓಡಾಟ. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಹಳೇ ಡಿಫರೆನ್ಶಿಯಲ್ಲಿನ ಪಿನ್ ನಮ್ಮದಕ್ಕಿಂತ ಹೆಚ್ಚು ಸವೆದಿತ್ತು. ಗುಜರಿಯಿಂದ ದೊಡ್ಡ ಗೇರ್ ತರುವವರು ಹಲ್ಲು ಎಣಿಸಿಯೇ ತರಬೇಕು, ಮಾಡೆಲ್ ಬದಲಾದರೆ ಲೆಕ್ಕ ಬದಲಾಗಬಹುದು. ಜೆ.ಸಿ. ರಸ್ತೆಯಲ್ಲಿ ಪಿನ್, ಚಿಕ್ಕ ಗೇರುಗಳು, ವಾಷರ್, ಎರಡು ಬೇರಿಂಗ್, ಎರಡು ಆಯಿಲ್ ಸೀಲ್ ಹೊಸದೇ ಸಿಕ್ಕಿತು. ಬೇರಿಂಗನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಬಾರದೆಂದು ಯಶವಂತಪುರದ ಲೇತ್ ಅಂಗಡಿಯ ಪ್ರೆಸ್ಸಿನಲ್ಲಿ ಕೂರಿಸಿಕೊಂಡು ಬಂದ. ಎಣ್ಣೆ ಅಂಗಡಿಯವ "ಜಿಎಲ್-5 ತಗೊಳ್ಳಿ, ಜಿಎಲ್-4ಕ್ಕಿಂತ ದೊಡ್ಡ ನಂಬರ್" ಅಂದ. ಹುಡುಗ ಒಪ್ಪಲಿಲ್ಲ. ಇಂಥ ಗೇರ್ ಬಾಕ್ಸಿನಲ್ಲಿ ಗೇರ್ ಬದಲಿಸಲು ನೆರವಾಗುವ ಹಿತ್ತಾಳೆ ಉಂಗುರಗಳಿವೆ, ಜಿಎಲ್-5ರ ಕೆಲವು ರಾಸಾಯನಿಕಗಳು ಹಿತ್ತಾಳೆಯನ್ನು ತಿನ್ನಬಹುದು. ಎಣ್ಣೆಯಲ್ಲಿ ದೊಡ್ಡ ನಂಬರ್ ಅಂದರೆ ಒಳ್ಳೆಯದು ಅಂತಲ್ಲ.

ಆ ಒಂದು ವಾರ ಮನೆ ಮಾಲೀಕರ ಸ್ಕೂಟರ್ ಹೊರಗೆ ನಿಲ್ಲಬೇಕಾಯಿತು. ಸ್ವಲ್ಪ ದೂಡಿ ಅಂದರು. ಆಕ್ಸಲ್ ಇಲ್ಲದ ಚಕ್ರದ ಮೇಲೆ ಕಾರಿನ ಭಾರ ಬಿಟ್ಟು ಉರುಳಿಸಿದರೆ ವ್ಹೀಲ್ ಬೇರಿಂಗೂ ಹೋಗುತ್ತದೆ. ಹಾಜಿಯವರು ಒಂದು ಡಬ್ಬಿ ಹಲ್ವ ಕೊಟ್ಟು ಸಮಾಧಾನ ಮಾಡಿದರು.

ಎರಡನೇ ಭಾನುವಾರ ಜೋಡಣೆ. ದೊಡ್ಡ ಗೇರಿನ ಬೋಲ್ಟುಗಳನ್ನು ಎದುರುಬದುರು ಕ್ರಮದಲ್ಲಿ, ಟಾರ್ಕ್ ರೆಂಚಿನಲ್ಲಿ, ಸರ್ವಿಸ್ ಪುಸ್ತಕದ ಲೆಕ್ಕಕ್ಕೆ ಬಿಗಿದ. ಅಂಬಾಸಿಡರಿನಲ್ಲಾದರೆ ಕ್ರೌನ್ ಪಿನಿಯನ್ ಹಲ್ಲಿಗೆ ಬಣ್ಣ ಹಚ್ಚಿ, ಎಲ್ಲಿ ತಾಗುತ್ತದೆಂದು ನೋಡಿ ಹೊಂದಿಸುವ ನಾಜೂಕು ಕೆಲಸವಿತ್ತು. ಅಡ್ಡ ಎಂಜಿನಿನ ಗಾಡಿಯಲ್ಲಿ ಶಕ್ತಿ ತೊಂಬತ್ತು ಡಿಗ್ರಿ ತಿರುಗಬೇಕಾಗಿಲ್ಲ, ಓರೆ ಹಲ್ಲಿನ ಸಾದಾ ಗೇರು ಸಾಕು, ಆ ತಾಪತ್ರಯ ಇಲ್ಲ. ಮನೆಯಲ್ಲಿ ಮಾಡುವ ಧೈರ್ಯ ಬಂದದ್ದೂ ಅದಕ್ಕೇ. ಆದರೆ ಬೇರಿಂಗ್ ಹಿಂದಿನ ಶಿಮ್ ಇರುವ ಗಾಡಿಗಳಲ್ಲಿ ಅಳೆಯದೆ ಮುಚ್ಚಬಾರದು.

ಚಿಪ್ಪು ಮುಚ್ಚಿದ ಮೇಲೆ ನೆಲದಲ್ಲೇ ಪರೀಕ್ಷೆ. ಎಲ್ಲ ಗೇರುಗಳಿಗೆ ಹಾಕಿ ಕೈಯಲ್ಲಿ ತಿರುಗಿಸಿದ. ಸಲೀಸಾಗಿ ತಿರುಗಿತು.

ಎಂಜಿನಿಗೆ ಸೇರಿಸುವಾಗ ಮಾತ್ರ ಬೆವರಿಳಿಯಿತು. ಒಂದು ಬೆರಳಿನಷ್ಟು ಉಳಿದು ಮುಂದೆ ಹೋಗಲೊಲ್ಲದು. ಬೋಲ್ಟ್ ಹಾಕಿ ಬಿಗಿದರೆ ತಾನಾಗಿ ಕೂರುತ್ತದೆ ಎಂದು ನಾನೂ ಹಾಜಿಯವರೂ ಒಟ್ಟಿಗೆ ಹೇಳಿದೆವು. ಹಾಗೆ ಬಿಗಿದು ಚಿಪ್ಪಿನ ಕಿವಿ ಮುರಿದ ಗೇರ್ ಬಾಕ್ಸ್‌ಗಳನ್ನು ಅವನು ನೋಡಿದ್ದನಂತೆ. ಟಾಪ್ ಗೇರಿಗೆ ಹಾಕಿ, ಆಕ್ಸಲ್ ತೂತಿನ ಕಡೆಯಿಂದ ಮೆಲ್ಲ ತಿರುಗಿಸುತ್ತಾ ದೂಡಿದ. ಕ್ಲಚ್ ಪ್ಲೇಟಿನ ಹಲ್ಲು ಹೊಂದಿದ ಕೂಡಲೇ "ಠಪ್" ಅಂತ ಕೂತಿತು. ಆಕ್ಸಲ್‌ಗಳೂ ಹಾಗೇ, ಒಳಗಿನ ಕ್ಲಿಪ್ ಹಿಡಿದ ಸದ್ದು ಕೇಳಿದ ಮೇಲೆ ಒಮ್ಮೆ ಹೊರಗೆ ಎಳೆದು ನೋಡಬೇಕು. ಬಂದರೆ ಕೂತಿಲ್ಲ. ಹೊಸ ಸೀಲಿನ ತುಟಿಗೆ ಗ್ರೀಸ್, ಆಕ್ಸಲ್ ನಟ್ಟಿಗೆ ಹೊಸ ಪಿನ್.

ಎಣ್ಣೆ ತುಂಬಿ, ಚಕ್ರ ಹಾಕಿ, ಕಾರು ಇನ್ನೂ ಸ್ಟ್ಯಾಂಡಿನ ಮೇಲಿರುವಾಗ ಎಂಜಿನ್ ಆಫ್ ಮಾಡಿ ಗೇರಿಗೆ ಹಾಕಿದ. "ಉಸ್ತಾದ್ರೆ, ಆ ಚಕ್ರ ತಿರುಗಿಸಿ" ಅಂದ. ನಾನು ಬಲಗಡೆಯದ್ದನ್ನು ಮುಂದಕ್ಕೆ ತಿರುಗಿಸಿದರೆ ಎಡಗಡೆಯದ್ದು ಹಿಂದಕ್ಕೆ ತಿರುಗಿತು. ಡಿಫರೆನ್ಶಿಯಲ್ ಸರಿ ಕೂತಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಅಂಗಳದ ಮಕ್ಕಳು ಸಾಲುಗಟ್ಟಿ ಬಂದು ಒಬ್ಬೊಬ್ಬರಾಗಿ ತಿರುಗಿಸಿದವು.

ಒಟ್ಟು ಖರ್ಚು 6,400 ರೂಪಾಯಿ. ಹುಡುಗ ಕೂಲಿ ತೆಗೆದುಕೊಳ್ಳಲಿಲ್ಲ, ಹಾಜಿಯವರು ಒಂದು ಟಾರ್ಕ್ ರೆಂಚ್ ತೆಗೆಸಿಕೊಟ್ಟರು. ಮೂರು ದಿನ ಯಾರ್ಡಿಗೂ ಹೆಬ್ಬಾಳಕ್ಕೂ ಓಡಿಸಿ, ರಾತ್ರಿ ಅಡಿಗೆ ಪೇಪರ್ ಹಾಸಿ ಬೆಳಗ್ಗೆ ನೋಡಿದರು. ಒಂದು ಹನಿ ಇರಲಿಲ್ಲ.

ಮದುವೆಗೆ ಹೊರಟ ದಿನ ಸಕಲೇಶಪುರ ದಾಟಿ, ಶಿರಾಡಿ ಇಳಿದ ಮೇಲೆ ಗುಂಡ್ಯದಿಂದ ಫೋನ್ ಬಂತು. "ಉಸ್ತಾದ್ರೆ, ರಾಗಿ ಬೀಸುವ ಸದ್ದು ಹೋಗಿದೆ. ಈಗ ಹಿಂದಿನ ಬಾಗಿಲು ಗಡಗಡ ಅನ್ನುವುದು ಕೇಳುತ್ತಾ ಉಂಟು."